ಆರದ ಎರಡು ಕಂಪ್ಯೂಟರು

ಬ್ಯಾಟರಿ ಸಿಡಿದಾಗ ವರಲಕ್ಷ್ಮಿ ಟೀ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಕನಕಪುರದ ಹೊರಗಿನ ಆ ಗ್ರಾನೈಟ್ ಕಂಪನಿಯ ಆಫೀಸಿನವರಿಗೆ ಸಿಡಿಯುವ ಸದ್ದು ಹೊಸದಲ್ಲ. ದಿನಕ್ಕೆರಡು ಸಲ ದೂರದ ಕ್ವಾರಿಯಲ್ಲಿ ಮದ್ದು ಹೊಡೆದಾಗ ಕಿಟಕಿಯ ಗಾಜು ಅದುರುತ್ತಿತ್ತು. ಈ ಸದ್ದು ಮಾತ್ರ ಕಟ್ಟಡದ ಒಳಗಿನದು. ಮೆಟ್ಟಿಲ ಕೆಳಗೆ ಯುಪಿಎಸ್ ಇಟ್ಟಿದ್ದ ಗೂಡಿನಂಥ ಕೋಣೆಯಿಂದ ಎಲೆಕ್ಟ್ರಿಷಿಯನ್ ಶುಕೂರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಬಂದ. ನಾಲ್ಕು ಹೆಜ್ಜೆ ಇಟ್ಟು, ಗೋಡೆಗೆ ಹಾಯ್ದು ಬಿದ್ದ. ಬಿದ್ದಮೇಲೆ ಕೂಗಲು ಶುರು ಮಾಡಿದ.

ಆಫೀಸಿನ ಜನ ಕುರ್ಚಿ ಬಿಟ್ಟೆದ್ದು ನಿಂತಲ್ಲೇ ನಿಂತರು. ವರಲಕ್ಷ್ಮಿ ಓಡಿದಳು. ಹುಳಿ ಘಾಟು ಮೂಗಿಗೆ ಬಡಿದೊಡನೆ ಇದು ಆಸಿಡ್ ಎಂದು ಅವಳಿಗೆ ಗೊತ್ತಾಯಿತು. ಶುಕೂರನ ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೆಡವಿದಳು. ಅವನು ನೋವಿಗೆ ಮುಖದಿಂದ ಕೈ ತೆಗೆಯಲೊಲ್ಲ. ಒದ್ದ. ಅವನ ಮೊಣಕೈ ಬಡಿದು ಅವಳ ತುಟಿ ಸೀಳಿತು. ಕುರಿಗೆ ಔಷಧಿ ಕುಡಿಸುವಾಗ ಕಾಲಸಂದಿಯಲ್ಲಿ ಅದುಮಿ ಹಿಡಿಯುವ ಹಾಗೆ ಅವನ ಎದೆಯ ಮೇಲೆ ಕೂತು, ಎರಡೂ ತೋಳನ್ನು ಮಂಡಿಯಿಂದ ಒತ್ತಿ, ರೆಪ್ಪೆ ಬಿಡಿಸಿ ನೀರು ಸುರಿದಳು.

"ಕಣ್ ಬುಡು ಶುಕೂರಣ್ಣ. ಬುಡ್ಬೇಕು. ಕಣ್ಣು ಬುಡು."

ಅವಳ ತುಟಿಯ ರಕ್ತ ಅವನ ಮುಖದ ಮೇಲೆ ತೊಟ್ಟಿಕ್ಕಿ ನೀರಿನ ಜೊತೆ ಹರಿಯುತ್ತಿತ್ತು. ಆಂಬ್ಯುಲೆನ್ಸ್ ಬರುವವರೆಗೆ ಅವಳು ನೀರು ನಿಲ್ಲಿಸಲಿಲ್ಲ. ಬೆಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಆಮೇಲೆ ಹೇಳಿದರಂತೆ: ಬಲಗಣ್ಣು ಉಳಿದದ್ದು ಆ ನೀರಿನಿಂದ. ಎಡಗಣ್ಣು ಉಳಿಯಲಿಲ್ಲ.

ವರಲಕ್ಷ್ಮಿ ಆ ಆಫೀಸಿನಲ್ಲಿ ಹತ್ತು ವರ್ಷದಿಂದ ಕಸ ಗುಡಿಸಿ, ಟೀ ಕೊಟ್ಟು, ಬಾಗಿಲು ತೆಗೆಯುವ, ಹಾಕುವ ಕೆಲಸದಲ್ಲಿದ್ದವಳು. ಮಾಗಡಿ ಕಡೆ, ಸಾವನದುರ್ಗದ ಬುಡದ ಹಳ್ಳಿಯವಳು. ಅಪ್ಪ ಬೀರಯ್ಯನಿಗೆ ಅರವತ್ತು ಕುರಿಗಳಿದ್ದವು. ಅವಳಿಗೆ ಹದಿನಾರು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ಬೀದಿನಾಯಿಗಳ ಹಿಂಡೊಂದು ಮರಿಗಳ ಮೇಲೆ ಬಿತ್ತು. ಅವಳು ಕೋಲು ಹಿಡಿದು ನುಗ್ಗಿದಳು. ಉಳಿದ ನಾಯಿಗಳು ಓಡಿದವು, ಒಂದು ಸಿಕ್ಕಿತು. ಅದು ಸತ್ತಮೇಲೂ ಅವಳು ಹೊಡೆಯುತ್ತಲೇ ಇದ್ದಳು. ಬೀರಯ್ಯ ಹಿಂದಿನಿಂದ ಬಂದು ಕೋಲು ಕಿತ್ತುಕೊಂಡು, "ಸತ್ತೋಯ್ತು ಬುಡವ್ವ, ಸತ್ತೋಯ್ತು" ಅಂದ. ಊರವರು ಭೇಷ್ ಎಂದರು. ಅವಳಿಗೆ ಮಾತ್ರ ಮೂರು ದಿನ ಅನ್ನ ಸೇರಲಿಲ್ಲ.

ಮದುವೆಯಾದ ಲಾರಿ ಡ್ರೈವರು ಹೊಡೆಯುವ ಗಂಡಸು. ಒಮ್ಮೆ ಜಾಕಿಯ ರಾಡಿನಲ್ಲಿ ಹೊಡೆದು ಅವಳ ಎಡಗಿವಿಯನ್ನು ಶಾಶ್ವತವಾಗಿ ಮುಚ್ಚಿಸಿದ. ಆರು ವರ್ಷ ತಡೆದುಕೊಂಡವಳು ಏಳನೇ ವರ್ಷ ಒಂದು ಬೆಳಿಗ್ಗೆ ಮುದ್ದೆ ಕೋಲಿನಿಂದ ತಿರುಗಿ ಬಾರಿಸಿದಳು. ಅವನ ಕೊರಳೆಲುಬು ಮುರಿಯಿತು. ಆಗಲೂ ಕೈ ಒಂದೇ ಏಟಿಗೆ ನಿಲ್ಲಲಿಲ್ಲ. ಅಕ್ಕಪಕ್ಕದವರು ಬಂದು ಹಿಡಿದರು. ಅದೇ ದಿನ ಬಸ್ಸು ಹತ್ತಿ ಕನಕಪುರಕ್ಕೆ ಬಂದುಬಿಟ್ಟಳು. ಗಂಡನ ಭಯ ಅವಳಿಗೆ ಬಸ್ಸಿನಲ್ಲೇ ಹೋಯಿತು. ತನ್ನ ಕೈಯ ಭಯ ಮಾತ್ರ ಉಳಿಯಿತು. ಹತ್ತು ವರ್ಷದಲ್ಲಿ ಅವಳು ಒಬ್ಬರ ಮೇಲೂ ಅದನ್ನು ಎತ್ತಿರಲಿಲ್ಲ.

ಶುಕೂರ್ ರಾಮನಗರದವನು. ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಮನೆ. ಹೆಂಡತಿ ಫಿರೋಜಾ ಅಲ್ಲೇ ಒಂದು ರೇಷ್ಮೆ ಫಿಲೇಚರಿನಲ್ಲಿ ನೂಲು ತೆಗೆಯುತ್ತಿದ್ದಳು. ಬ್ಯಾಟರಿ ಸಿಡಿಯುವುದಕ್ಕೆ ಮೂರು ತಿಂಗಳ ಮುಂಚಿನಿಂದಲೂ ಅವನು ಮ್ಯಾನೇಜರ್ ಸ್ವಾಮಿಯ ಮುಂದೆ ನಿಂತು ಒಂದೇ ಮಾತು ಹೇಳುತ್ತಿದ್ದುದನ್ನು ವರಲಕ್ಷ್ಮಿ ಕೇಳಿದ್ದಳು.

"ಸಾರ್, ಲೋಡ್ ಜಾಸ್ತಿ ಆಗೈತೆ. ಮೂವತ್ತಾರು ಕಂಪ್ಯೂಟರ್ರು ಹಗಲೂ ರಾತ್ರಿ ಆನಲ್ಲೇ ಅವೆ. ಕರೆಂಟ್ ಹೋದಾಗೆಲ್ಲ ಬ್ಯಾಟರಿ ಪೂರಾ ಇಳೀತದೆ, ಬಂದ ಕೂಡ್ಲೆ ಕುದಿಯಂಗೆ ಚಾರ್ಜ್ ಆಯ್ತದೆ. ಗ್ಯಾಸು ಹೋಗಾಕೆ ಆ ರೂಮಿಗೆ ಒಂದು ಕಿಟಕೀನೂ ಇಲ್ಲ."

"ಕಂಪ್ಯೂಟರ್ ವಿಚಾರ ಮುತ್ತುರಾಜೂನ ಕೇಳಪ್ಪ" ಎನ್ನುತ್ತಿದ್ದ ಸ್ವಾಮಿ.

ಮುತ್ತುರಾಜು ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಚನ್ನಪಟ್ಟಣದವನು, ನಯವಾದ ಮಾತಿನವನು, ಎಲ್ಲರ ಫೋನನ್ನೂ ಬಿಟ್ಟಿ ರಿಪೇರಿ ಮಾಡಿಕೊಡುವವನು. ದಿನಾ ಆಫ್ ಮಾಡಿ ಆನ್ ಮಾಡಿದರೆ ಮಿಷನ್ ಹಾಳಾಗುತ್ತವೆ, ಯಾರೂ ಮುಟ್ಟಬೇಡಿ ಎಂದು ಅವನೇ ಎಲ್ಲರಿಗೂ ಹೇಳಿಟ್ಟಿದ್ದ. ಕಂಪ್ಯೂಟರು ಬಲ್ಲವನ ಮಾತು, ಆಫೀಸು ನಂಬಿತು.

ಶುಕೂರ್ ಆಸ್ಪತ್ರೆಯಲ್ಲಿದ್ದಾಗ ಸ್ವಾಮಿ ಬರೆದು ಕಳಿಸಿದ ವರದಿಯಲ್ಲಿ ತಪ್ಪೆಲ್ಲ ಎಲೆಕ್ಟ್ರಿಷಿಯನ್ನನದೇ ಆಗಿತ್ತು. ಆದರೂ ಮಾಲೀಕರು ಬೆಂಗಳೂರಿನಿಂದ ಬಂದು ಆ ಗೂಡನ್ನು, ಗೋಡೆಗೆ ಮೆತ್ತಿದ್ದ ಬ್ಯಾಟರಿಯ ಚೂರುಗಳನ್ನು ನೋಡಿದರು. ಹೊಸ ಯುಪಿಎಸ್ಸನ್ನು ಹೊರಗಿನ ಶೆಡ್ಡಿನಲ್ಲಿ ಇಡಲು ಹೇಳಿ, ಕಂಪ್ಯೂಟರುಗಳು ತಿನ್ನುವ ಕರೆಂಟು ಅರ್ಧಕ್ಕೆ ಇಳಿಯಬೇಕು ಎಂದು ಅಪ್ಪಣೆ ಕೊಟ್ಟು ಹೋದರು. ಮುತ್ತುರಾಜು ತನಗೆ ಪುರುಸೊತ್ತಿಲ್ಲ ಎಂದ. ಬೇರೆಯವರು ತಮಗೆ ತಿಳಿಯದು ಎಂದರು. ಕೊನೆಗೆ ಸ್ವಾಮಿ ವರಲಕ್ಷ್ಮಿಯನ್ನು ಕರೆದು, "ಹೆಂಗೂ ಸಾಯಂಕಾಲ ಬಾಗ್ಲು ಹಾಕೋಳು ನೀನು. ಎಲ್ಲಾ ಆಫ್ ಮಾಡ್ಬುಟ್ಟು ಹೋಗು" ಅಂದ.

ಅವಳು ಭಾನುವಾರ ರಾಮನಗರಕ್ಕೆ ಹೋದಳು. ಶುಕೂರ್ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಚಾಪೆಯ ಮೇಲೆ ಕೂತಿದ್ದ. ಕುದಿಯುವ ನೀರಿನಲ್ಲಿ ಗೂಡು ಆಡಿಸಿ ಬೆಂದು ಬಿಳಿಚಿದ ಕೈಯಿಂದ ಫಿರೋಜಾ ಟೀ ತಂದಿಟ್ಟಳು. ವರಲಕ್ಷ್ಮಿ ಬಂದ ವಿಷಯ ಹೇಳಿದಾಗ ಶುಕೂರ್ ತನ್ನ ಕೆಲಸದ ಚೀಲ ತರಿಸಿ ಒಂದು ಸಣ್ಣ ಮೀಟರು ತೆಗೆದುಕೊಟ್ಟ. ಗೋಡೆಯ ಸಾಕೆಟ್ಟಿಗೆ ಅದನ್ನು ಚುಚ್ಚಿ, ಕಂಪ್ಯೂಟರಿನ ಪ್ಲಗ್ಗನ್ನು ಅದಕ್ಕೆ ಚುಚ್ಚಿದರೆ ಎಷ್ಟು ವ್ಯಾಟು ಎಳೆಯುತ್ತದೆ ಎಂದು ತೋರಿಸುತ್ತದೆ.

"ಮೊದ್ಲು ಅಳೀರಿ ವರಲಕ್ಷ್ಮಮ್ಮ. ಅಳೀದೆ ಯಾವನಿಗೂ ಏನೂ ಹೇಳ್ಬೇಡಿ. ನಾನು ಬರೀ ಬಾಯಲ್ಲಿ ಹೇಳ್ದೆ, ಅದಕ್ಕೆ ಯಾರೂ ಕೇಳ್ಲಿಲ್ಲ."

ಎಸ್ಸೆಸ್ಸೆಲ್ಸಿ ಓದಿದ್ದ ವರಲಕ್ಷ್ಮಿ ಒಂದು ಹಳೆಯ ಡೈರಿಯಲ್ಲಿ ಮೂವತ್ತಾರು ಕಂಪ್ಯೂಟರಿಗೂ ಒಂದೊಂದು ಗೆರೆ ಎಳೆದಳು. ಜನ ಕೆಲಸ ಮಾಡುವಾಗ ಒಂದೊಂದು ನೂರರ ಆಜುಬಾಜು ಎಳೆಯುತ್ತಿತ್ತು. ಯಾರೂ ಮುಂದೆ ಕೂರದೆ ಪರದೆಯ ಮೇಲೆ ಬಣ್ಣದ ಮೀನು ಈಜುತ್ತಿದ್ದಾಗಲೂ ಎಪ್ಪತ್ತು. ಆಫ್ ಮಾಡಿದರೆ ಎರಡು. ಆ ಎಪ್ಪತ್ತನ್ನು ನೋಡಿದಾಗಲೆಲ್ಲ ಅವಳಿಗೆ ಶುಕೂರನ ರೆಪ್ಪೆ ಬಿಡಿಸಿದ್ದು ನೆನಪಾಗುತ್ತಿತ್ತು. ಹತ್ತು ನಿಮಿಷ ಮುಟ್ಟದಿದ್ದರೆ ತಾನಾಗಿ ಮಲಗುವ ಹಾಗೆ ಮಾಡುವುದನ್ನು ಫೋನಿನಲ್ಲಿ ಶುಕೂರ್ ಹೇಳಿಕೊಟ್ಟ, ಅವಳು ಒಂದೊಂದಕ್ಕೂ ಮಾಡಿದಳು. ಪರದೆಗಳ ಬೆಳಕು ಇಳಿಸಿದಳು. ಸಾಯಂಕಾಲ ಎಲ್ಲವನ್ನೂ ಬುಡದ ಸ್ವಿಚ್ಚಿನಲ್ಲೇ ಆರಿಸಿದಳು.

ಜನ ಸುಲಭಕ್ಕೆ ಒಪ್ಪಲಿಲ್ಲ. ಡ್ರಾಯಿಂಗ್ ಮಾಡುವವನೊಬ್ಬ, ಸೇವ್ ಮಾಡದೆ ಬಿಟ್ಟ ಕೆಲಸ ಹೋಯಿತೆಂದು ಮೌಸನ್ನು ಅವಳ ಮುಖಕ್ಕೆ ಎಸೆದ. ಅದು ಹುಬ್ಬಿನ ಮೇಲೆ ಬಿತ್ತು. ವರಲಕ್ಷ್ಮಿ ಎರಡೂ ಕೈಯನ್ನು ಸೆರಗಿನೊಳಗೆ ಗಂಟು ಹಾಕಿಕೊಂಡು ನಿಂತಳು. "ನಾಳೆಯಿಂದ ಹೋಗೋಕೆ ಮುಂಚೆ ನಿಮ್ಗೆ ನೆನಪು ಮಾಡ್ತೀನಿ ಸಾರ್" ಎಂದಳು. ಮಾಡಿದಳು ಕೂಡ, ದಿನಾ. ತಿಂಗಳೊಳಗೆ ಜನರಿಗೇ ರೂಢಿಯಾಯಿತು. ಕೋಣೆಗಳ ಧಗೆ ಇಳಿದು ಏಸಿ ಕೂಡ ಕಡಿಮೆ ಹೊತ್ತು ಓಡತೊಡಗಿತು.

ಆದರೆ ಶೆಡ್ಡಿನಲ್ಲಿದ್ದ ಯುಪಿಎಸ್ಸಿನ ಲೋಡು ಮಾತ್ರ ಅವಳ ಡೈರಿಯ ಲೆಕ್ಕದಷ್ಟು ಇಳಿಯಲಿಲ್ಲ. ಎಲ್ಲೋ ಸೋರುತ್ತಿತ್ತು. ಮುತ್ತುರಾಜುವಿನ ಒಳಕೋಣೆಯೊಂದನ್ನು ಅವಳು ಅಳೆದಿರಲಿಲ್ಲ. ಅಲ್ಲಿ ಸರ್ವರ್ ಇದೆ, ಧೂಳು ಹೋಗಬಾರದು ಎಂದು ಅವನು ಬೀಗ ಹಾಕಿಕೊಂಡೇ ಇರುತ್ತಿದ್ದ.

ಆಯುಧಪೂಜೆ ಬಂತು. ಅವತ್ತು ಕಂಪನಿಯಲ್ಲಿ ಎಲ್ಲ ಯಂತ್ರಕ್ಕೂ ರಜೆ. ಕಲ್ಲು ಕೊಯ್ಯುವ ಗರಗಸಗಳು ನಿಂತವು, ಕ್ರೇನಿಗೆ ಬಾಳೆಕಂದು ಕಟ್ಟಿದರು, ಕಂಪ್ಯೂಟರುಗಳನ್ನೆಲ್ಲ ಆರಿಸಿ ವಿಭೂತಿ ಕುಂಕುಮ ಇಟ್ಟರು. ಸರ್ವರನ್ನೂ ಆರಿಸಿದ್ದೇನೆ ಎಂದು ಮುತ್ತುರಾಜು ಎಲ್ಲರ ಮುಂದೆ ಹೇಳಿದ. ಪೂಜೆಗೆ ಬೀಗ ತೆಗೆದು ಬಾಗಿಲು ಓರೆ ಮಾಡಿ ಅದಕ್ಕೂ ಹೂ ಇಟ್ಟ. ಮತ್ತೆ ಬೀಗ ಹಾಕುವುದನ್ನು ಮರೆತು ಅವನೂ ಎಲ್ಲರ ಜೊತೆ ಬೂದುಗುಂಬಳ ಒಡೆಯುವುದನ್ನು ನೋಡಲು ಗೇಟಿಗೆ ಹೋದ. ಯುಪಿಎಸ್ಸಿಗೆ ಹೂ ಮುಡಿಸಲು ಶೆಡ್ಡಿಗೆ ಹೋದ ವರಲಕ್ಷ್ಮಿ ಅದರ ಪುಟ್ಟ ಪರದೆಯಲ್ಲಿ ಲೋಡಿನ ನಂಬರು ನೋಡಿದಳು. ಸೊನ್ನೆಯ ಹತ್ತಿರ ಇರಬೇಕಾದದ್ದು ನೂರಕ್ಕೆ ನಲವತ್ತು ತೋರಿಸುತ್ತಿತ್ತು.

ಅವಳು ಮೀಟರು ತೆಗೆದುಕೊಂಡು ನೇರ ಒಳಕೋಣೆಗೆ ನಡೆದಳು. ಸರ್ವರು ಆರಿತ್ತು. ಅದರ ಹಿಂದೆ, ಪರದೆ ಬಟ್ಟೆಯ ಮರೆಯಲ್ಲಿ, ಎರಡು ಕಂಪ್ಯೂಟರು ಮೈ ಬಿಚ್ಚಿಕೊಂಡು ಕೂತಿದ್ದವು. ಒಂದೊಂದಕ್ಕೂ ಐದಾರು ಫ್ಯಾನು, ಒಲೆ ಮುಂದೆ ಕೂತಂಥ ಧಗೆ. ಒಂದರ ಪ್ಲಗ್ಗು ಕಿತ್ತು ಮೀಟರಿಗೆ ಚುಚ್ಚಿ ಮತ್ತೆ ಹಚ್ಚಿದಳು. ಸಾವಿರದ ಮುನ್ನೂರು. ಹದಿಮೂರು ಜನ ಕೂತು ಕೆಲಸ ಮಾಡುವ ಕರೆಂಟನ್ನು ಅದೊಂದೇ ಕುಡಿಯುತ್ತಿತ್ತು.

ಅವಳು ಫೋನಿನಲ್ಲಿ ಫೋಟೋ ತೆಗೆದು ಶುಕೂರನಿಗೆ ಕಳಿಸಿದಳು. ಒಂದು ನಿಮಿಷಕ್ಕೆ ಫೋನು ಬಂತು.

"ಯಾರೋ ಸ್ವಂತಕ್ಕೆ ಓಡಿಸ್ತಾ ಅವ್ರೆ" ಅಂದ ಶುಕೂರ್. "ಇಂಟರ್ನೆಟ್ಟಲ್ಲಿ ಲೆಕ್ಕ ಮಾಡಿಸಿ ಕಾಸು ಹುಟ್ಟಿಸೋ ಮಿಷನ್ನು. ಹಗಲೂ ರಾತ್ರಿ ನಿಲ್ಲಂಗಿಲ್ಲ. ಕರೆಂಟು ಬಿಟ್ಟಿ ಸಿಕ್ಕುದ್ರೆ ಲಾಭ." ಸ್ವಲ್ಪ ತಡೆದು, "ಇದಕ್ಕೇ ಮುತ್ತುರಾಜು ಎಲ್ಲಾನೂ ಆನಲ್ಲಿ ಇಡಿಸ್ದ. ಇವೆರಡರ ಲೋಡು ಕಾಣದಂಗೆ. ನನ್ ಕಣ್ಣು ಇದಕ್ಕೆ ಹೋಯ್ತಾ ವರಲಕ್ಷ್ಮಮ್ಮ?" ಎಂದು ಕೇಳಿದ.

ಅವಳು ಫೋನಿಟ್ಟು ಎರಡೂ ಪ್ಲಗ್ಗನ್ನು ಹಿಡಿದು ಎಳೆದಳು. ಫ್ಯಾನುಗಳು ನಿಧಾನವಾಗಿ ನಿಂತವು.

ಅಷ್ಟರಲ್ಲಿ ಮುತ್ತುರಾಜು ಒಳಗೆ ಬಂದಿದ್ದ. ಎಡಗಿವಿಯ ಕಡೆಯಿಂದ ಬಂದದ್ದರಿಂದ ಅವಳಿಗೆ ಕೇಳಿಸಲಿಲ್ಲ. ಅವನು ಅವಳ ಜಡೆಗೆ ಕೈಹಾಕಿ ಹಿಂದಕ್ಕೆ ಎಳೆದ.

"ಏನ್ ಮಾಡ್ದೆಲೇ? ಕಸ ಗುಡ್ಸೋಳು ನೀನು. ಹಾಕು ಪ್ಲಗ್ಗು."

"ಹಾಕಲ್ಲ."

ಅವನು ಅವಳ ತಲೆಯನ್ನು ಕಬ್ಬಿಣದ ರ‍್ಯಾಕಿಗೆ ಗುದ್ದಿಸಿದ. ಹಣೆ ಒಡೆಯಿತು. ಬಿದ್ದವಳ ಪಕ್ಕೆಗೆ ಒದ್ದ, ಎರಡು ಸಲ, ಮೂರು ಸಲ. ಕೀಬೋರ್ಡು ಎತ್ತಿ ಬೆನ್ನಿಗೆ ಬಡಿದ. ಅದರ ಗುಂಡಿಗಳು ಉದುರಿ ನೆಲದ ತುಂಬ ಚೆಲ್ಲಿದವು. "ಫೋನು ಕೊಡು" ಎನ್ನುತ್ತ ಅವಳ ಬೆರಳು ತಿರುಚಿದ. ಒಂದು ಬೆರಳು ಲಟಕ್ಕೆಂದಿತು. ಅವಳು ಫೋನು ಬಿಡದೆ ತೆವಳಿಕೊಂಡು ಬಾಗಿಲ ಆಚೆಗೆ ಬಂದಳು. ಅಲ್ಲಿ ಗಿರಾಕಿಗಳಿಗೆ ತೋರಿಸಲು ಜೋಡಿಸಿಟ್ಟ ಗ್ರಾನೈಟಿನ ಮಾದರಿ ಬಿಲ್ಲೆಗಳಿದ್ದವು, ಒಂದೊಂದು ಪುಸ್ತಕದಷ್ಟು ಅಗಲ. ಅವಳ ಬಲಗೈಗೆ ಒಂದು ಕರಿಕಲ್ಲು ಸಿಕ್ಕಿತು.

ಅವನು ಮತ್ತೆ ಕೂದಲಿಗೆ ಕೈ ಚಾಚಿದಾಗ ಅವಳು ಆ ಕೈಗೇ ಹೊಡೆದಳು. ಮಣಿಕಟ್ಟಿನ ಮೇಲಿನ ಎಲುಬು ಮುರಿದ ಸದ್ದು ಅವಳ ಒಂದೇ ಕಿವಿಗೂ ಚೆನ್ನಾಗಿ ಕೇಳಿಸಿತು. ಅವನು ಮಂಡಿಯೂರಿ ಕೂತು ಕೈ ಹಿಡಿದುಕೊಂಡು ಅರಚಿದ. ಅಲ್ಲಿಗೆ ಮುಗಿಯಬೇಕಿತ್ತು. ಅವಳು ಎದ್ದು ನಿಂತಳು. ಹಣೆಯ ರಕ್ತ ಕಣ್ಣಿಗೆ ಇಳಿದು ಎಲ್ಲ ಕೆಂಪಾಗಿ ಕಾಣುತ್ತಿತ್ತು. ಎರಡೂ ಕೈಯಲ್ಲಿ ಕಲ್ಲನ್ನು ತಲೆಯ ಮೇಲಕ್ಕೆ ಎತ್ತಿದಳು. ಕೆಳಗೆ ಅವನ ನೆತ್ತಿ, ಎಣ್ಣೆ ಹಚ್ಚಿ ಬಾಚಿದ ಬೈತಲೆ, ಅದರ ಪಕ್ಕ ಪೂಜೆಯ ಅಕ್ಷತೆ ಕಾಳು.

ಸದ್ದು ಕೇಳಿ ಓಡಿ ಬಂದ ಸ್ವಾಮಿ ಹಿಂದಿನಿಂದ ಅವಳ ಎರಡೂ ತೋಳನ್ನು ಹಿಡಿದ. ಕಲ್ಲು ಬಿದ್ದು ಎರಡಾಯಿತು.

ಪೊಲೀಸರು ಎರಡು ದೂರು ಬರೆದುಕೊಂಡರು: ಅವನ ಮೇಲೆ ಅವಳದು, ಅವಳ ಮೇಲೆ ಅವನದು. ಕಂಪನಿ ಮುತ್ತುರಾಜುವಿನ ಮೇಲೆ ಕರೆಂಟು ಕಳವಿನ ದೂರನ್ನೂ ಕೊಟ್ಟಿತು. ವರಲಕ್ಷ್ಮಿಯ ಹಣೆಗೆ ಒಂಬತ್ತು ಹೊಲಿಗೆ ಬಿತ್ತು, ಎರಡು ಪಕ್ಕೆಲುಬು ಬಿರಿದಿದ್ದವು.

ಹತ್ತು ದಿನದ ಮೇಲೆ, ಬೆಳಿಗ್ಗೆ ಹನ್ನೊಂದಕ್ಕೆ, ಪೊಲೀಸರು ಮಹಜರಿಗೆಂದು ಮುತ್ತುರಾಜುವನ್ನು ಆಫೀಸಿಗೆ ಕರೆತಂದರು. ಅವನ ಕೈಗೆ ಮೊಣಕೈವರೆಗೆ ಪ್ಲಾಸ್ಟರಿನ ಕಟ್ಟು. ಹೇಳಿಕೆ ಕೊಡಲು ಬಂದಿದ್ದ ವರಲಕ್ಷ್ಮಿ ಗೇಟಿನ ಹುಣಸೆಮರದ ಕೆಳಗೆ ಫಿರೋಜಾ ನಿಂತಿದ್ದನ್ನು ನೋಡಿದಳು. ರಾಮನಗರದಿಂದ ಇಷ್ಟು ದೂರ, ಅದೂ ಕೆಲಸದ ದಿನ. ಬುರ್ಖಾದ ಮೇಲೆ ಬಟ್ಟೆಯ ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಬಲಗೈಗೆ ದಪ್ಪ ಬಟ್ಟೆ ಸುತ್ತಿತ್ತು. ಜೀಪಿನ ಬಾಗಿಲು ತೆರೆದು ಮುತ್ತುರಾಜು ಇಳಿದೊಡನೆ ಆ ಕೈ ಚೀಲದೊಳಗೆ ಹೋಯಿತು. ಗಾಳಿಯಲ್ಲಿ ಹುಳಿ ಘಾಟು ಬಂತು.

ವರಲಕ್ಷ್ಮಿ ಪಕ್ಕೆ ಹಿಡಿದುಕೊಂಡೇ ಓಡಿದಳು. ಫಿರೋಜಾ ಬಾಟಲಿಯ ಮುಚ್ಚಳ ತೆಗೆದಾಗಿತ್ತು. ಎತ್ತಿದ ಕೈಯನ್ನು ವರಲಕ್ಷ್ಮಿ ತನ್ನ ಎರಡೂ ಕೈಯಿಂದ ಹಿಡಿದು ಕೆಳಗೆ ಒತ್ತಿದಳು. ಆಸಿಡ್ ಅವಳ ಎಡ ಮುಂಗೈ ಮೇಲೆ ಹರಿದು ಮಣ್ಣಿಗೆ ಇಳಿಯಿತು. ಮಣ್ಣು ಬುರುಬುರು ನೊರೆಗಟ್ಟಿತು. ಫಿರೋಜಾ ಕೊಸರಾಡಿದಳು, ಕಚ್ಚಿದಳು, ಬಿಡದಿದ್ದಾಗ ಇನ್ನೊಂದು ಕೈಯಿಂದ ವರಲಕ್ಷ್ಮಿಯ ಕೆನ್ನೆಗೆ ಬಾರಿಸಿದಳು. ಹಣೆಯ ಹೊಲಿಗೆ ಒಂದು ಬಿಚ್ಚಿಕೊಂಡಿತು.

"ನನ್ನ ಮನೆಯವ್ರ ಕಣ್ಣಿಗೆ ನೀರು ಹಾಕ್ದೋಳು ನೀನು. ಇವನ್ಗೆ ಯಾಕೆ ಅಡ್ಡ ಬಂದೆ?"

"ಅವನ್ಗಲ್ಲ ಕಣಕ್ಕ. ನಿನ್ಗೆ ಅಡ್ಡ ಬಂದೆ."

ಫಿರೋಜಾಳ ಮೈ ಆಗ ಸಡಿಲವಾಯಿತು. ಪೇದೆಗಳು ಓಡಿ ಬರುವಷ್ಟರಲ್ಲಿ ವರಲಕ್ಷ್ಮಿ ಬಾಟಲಿಯನ್ನು ಕಾಲಿನಿಂದ ಚರಂಡಿಗೆ ತಳ್ಳಿದ್ದಳು. "ಯುಪಿಎಸ್ಸಿಗೆ ನಾನೇ ತರ್ಸಿದ್ದು ಸಾರ್. ಕೈ ಜಾರ್ತು" ಎಂದಳು. ಇನ್ಸ್‌ಪೆಕ್ಟರು ಅವಳ ಕೆನ್ನೆಯ ಮೇಲಿನ ಬೆರಳ ಗುರುತು ನೋಡಿದರು, ಫಿರೋಜಾಳನ್ನು ನೋಡಿದರು, ಮತ್ತೇನೂ ಕೇಳಲಿಲ್ಲ. ನಲ್ಲಿಯ ಕೆಳಗೆ ಈ ಸಲ ವರಲಕ್ಷ್ಮಿಯೇ ಕೈ ಹಿಡಿದು ಕೂತಳು. ಚರ್ಮ ಎದ್ದು ಬಂತು.

ಶುಕೂರ್ ಮೂರು ತಿಂಗಳಿಗೆ ಕೆಲಸಕ್ಕೆ ವಾಪಸ್ಸಾದ. ಒಂದೇ ಕಣ್ಣಿನಲ್ಲಿ ಏಣಿ ಹತ್ತುವುದು ಕಷ್ಟ, ಹಾಗಾಗಿ ಕೂತು ಮಾಡುವ ಕೆಲಸ ಕೊಟ್ಟರು. ಸ್ವಾಮಿಯ ಮೊದಲ ವರದಿಯನ್ನು ಮಾಲೀಕರು ಹಿಂದಕ್ಕೆ ತೆಗೆಸಿದರು. ಆಫೀಸಿನ ಲೋಡು ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಆ ಡೈರಿಯನ್ನು ಕಂಪನಿಯ ಇನ್ನೊಂದು ಆಫೀಸಿನವರು ನೋಡಲು ಕೇಳಿ ಪಡೆದರು. ಫಿರೋಜಾ ಮಾತ್ರ ವರಲಕ್ಷ್ಮಿಯ ಜೊತೆ ಒಂದು ವರ್ಷ ಮಾತಾಡಲಿಲ್ಲ. ರಾಮನಗರದ ಮನೆಗೆ ಹೋದರೆ ಟೀ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಟೀ ಇಡುವುದನ್ನು ಎಂದೂ ತಪ್ಪಿಸಲಿಲ್ಲ.

ವರಲಕ್ಷ್ಮಿಯ ಮೇಲಿನ ಕೇಸು ಕನಕಪುರದ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ಅವಳ ವಕೀಲರು ವರಾಂಡದಲ್ಲಿ ಚೆನ್ನಾಗಿ ತಾಲೀಮು ಮಾಡಿಸಿದ್ದರು: ಜೀವ ಉಳಿಸಿಕೊಳ್ಳಲು ಒಂದು ಏಟು ಹೊಡೆದೆ, ಅಷ್ಟೇ ಅನ್ನು. ಮುತ್ತುರಾಜು ಸೊಟ್ಟಗೆ ಕೂಡಿಕೊಂಡ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ಎದುರು ಪಕ್ಷದ ವಕೀಲರು, ಕೈ ಮುರಿದ ಮೇಲೆ ಅವನು ನಿನಗೆ ಏನಾದರೂ ಮಾಡುವ ಸ್ಥಿತಿಯಲ್ಲಿದ್ದನೇ ಎಂದು ಕೇಳಿದರು.

"ಇಲ್ಲ ಸಾರ್."

"ಮತ್ತೆ ಎರಡನೇ ಸಲ ಕಲ್ಲು ಯಾಕೆ ಎತ್ತಿದೆ?"

ವರಲಕ್ಷ್ಮಿ ಮುತ್ತುರಾಜುವಿನ ಕಡೆ ತಿರುಗಿ ನೋಡಿದಳು. ಅವನು ತಲೆ ತಗ್ಗಿಸಿದ.

"ತಲೆಗೆ ಹಾಕಾಕೆ" ಅಂದಳು. "ಮ್ಯಾನೇಜರ್ರು ಹಿಡೀದೆ ಇದ್ದಿದ್ರೆ ಹಾಕ್ತಿದ್ದೆ."

ಅವಳ ವಕೀಲರು ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಅವಳ ಹಣೆಯ ಗಾಯದ ಕಲೆಯನ್ನು, ಮುಂಗೈಯ ಸುಟ್ಟ ಚರ್ಮವನ್ನು ಬಹಳ ಹೊತ್ತು ನೋಡಿದರು. ಆಸ್ಪತ್ರೆಯ ಕಾಗದಗಳನ್ನು ಮತ್ತೊಮ್ಮೆ ತಿರುವಿದರು. ಮುಂದಿನ ತಾರೀಖಿಗೆ ತೀರ್ಪು ಬಂತು: ಜೈಲಿಲ್ಲ, ಒಂದು ವರ್ಷ ಒಳ್ಳೆಯ ನಡತೆಯಲ್ಲಿರುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. ಮುತ್ತುರಾಜುವಿನ ಮೇಲಿನ ಕೇಸುಗಳು ಇನ್ನೂ ನಡೆಯುತ್ತಿವೆ.

ಮುಚ್ಚಳಿಕೆಗೆ ಜಾಮೀನಾಗಿ ಸಹಿ ಹಾಕಲು ಒಬ್ಬರು ಬೇಕು ಎಂದರು ಗುಮಾಸ್ತರು. ಶುಕೂರ್ ಮುಂದೆ ಬಂದ. ಅವನ ಹಿಂದೆ ನಿಂತಿದ್ದ ಫಿರೋಜಾ, "ನೀವು ಇರಿ, ಗೆರೆ ಎಲ್ಲೈತೆ ಅಂತ ನಿಮ್ಗೆ ಸರಿಯಾಗಿ ಕಾಣಲ್ಲ" ಎಂದು ಪೆನ್ನು ತೆಗೆದುಕೊಂಡು, ಬೆಂದು ಬಿಳಿಚಿದ ಬೆರಳಿನಿಂದ ತನ್ನ ಹೆಸರನ್ನು ನಿಧಾನವಾಗಿ ಬರೆದಳು.